ಕವಡೆಯ ದ್ವೀಪಗಳಲ್ಲಿ ಪಿರಾರ್

ಕಡಲನ್ನೇ ಕಾಣದ ಆದೋನಿಯಲ್ಲಿ, ಹತ್ತಿಯ ಅಂಡಿಗೆಗಳ ನಡುವೆ ಬೆಳೆದವನು ನಾನು. ಹಡಗು ಒಡೆದವನ ಕಥೆಯನ್ನು ಕಾಸರಗೋಡಿನವರ ಮುಂದೆ ಹೇಳಹೊರಡುವುದು ಅಧಿಕಪ್ರಸಂಗವೇ ಸರಿ. ಆದರೂ ಫ್ರಾನ್ಸ್ವಾ ಪಿರಾರನ ಪ್ರವಾಸಕಥನವನ್ನು ಆಲ್ಬರ್ಟ್ ಗ್ರೇ ಅವರ ಇಂಗ್ಲಿಷ್ ಅನುವಾದದಲ್ಲಿ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ.

1601ರಲ್ಲಿ ಫ್ರಾನ್ಸಿನ ಸೇಂಟ್ ಮಾಲೋ ಬಂದರಿನಿಂದ ಹೊರಟ ‘ಕೋರ್ಬಿನ್’ ಹಡಗು, ಮರುವರ್ಷ ಜುಲೈಯಲ್ಲಿ ಮಾಲ್ದೀವಿನ ಹವಳದ ದಿಬ್ಬಕ್ಕೆ ಬಡಿದು ಒಡೆಯಿತು. ಬದುಕಿ ದಡ ಸೇರಿದವರು ಸುಮಾರು ನಲವತ್ತು ಮಂದಿ. ಪಿರಾರನ ಪಾಲಿಗೆ ಬಂದದ್ದು ಒಂದು ಪುಟ್ಟ ದ್ವೀಪ, ಇಬ್ಬರು ಜತೆಗಾರರು ಮತ್ತು ಹಸಿವು. ಅಲ್ಲಿ ಆತ ದ್ವೀಪದವರ ಮಾತನ್ನು ಮನಸ್ಸಿಟ್ಟು ಕಲಿತ. ಮಾಲೆಯಿಂದ ಬಂದ ಅಧಿಕಾರಿಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದೂ, ಅರಸನ ಆಶ್ರಯ ದೊರೆತದ್ದೂ ಆ ತೊದಲು ಮಾತಿನಿಂದಲೇ. 1607ರವರೆಗೆ ಅಲ್ಲೇ ಇದ್ದು, ಅಲ್ಲಿಯ ಹಬ್ಬ, ಊಟ, ನ್ಯಾಯ, ಮದುವೆಗಳನ್ನೆಲ್ಲ ಒಳಗಿನಿಂದ ಕಂಡ. ಪುಸ್ತಕಕ್ಕೆ ಆ ಭಾಷೆಯ ಒಂದು ಪದಪಟ್ಟಿಯನ್ನೂ ಸೇರಿಸಿದ.

ನನಗೆ ಹೆಚ್ಚು ಹಿಡಿಸಿದ್ದು ಕವಡೆಯ ಭಾಗ. ಕಡಲಿನಿಂದ ಆಯ್ದ ಕವಡೆಗಳನ್ನು ತೆಂಗಿನ ಗರಿಯ ಬುಟ್ಟಿಗಳಲ್ಲಿ ಹನ್ನೆರಡು ಸಾವಿರದ ಲೆಕ್ಕಕ್ಕೆ ತುಂಬುತ್ತಿದ್ದರಂತೆ. ಒಂದೇ ವರ್ಷದಲ್ಲಿ ಮೂವತ್ತು ನಲವತ್ತು ಹಡಗುಗಳು ಬರೀ ಕವಡೆ ಹೊತ್ತು ಬಂಗಾಳಕ್ಕೆ ಹೋದದ್ದನ್ನು ಕಂಡೆನೆನ್ನುತ್ತಾನೆ. ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎನ್ನುವ ನಾವು ಇದನ್ನೊಮ್ಮೆ ಓದಬೇಕು. ದಿನವಿಡೀ ನೋಟಿನ ಕಟ್ಟು ಎಣಿಸುವ ನನ್ನಂಥವನಿಗಂತೂ ಆ ಬುಟ್ಟಿಗಳ ಮೇಲೆ ಅಭಿಮಾನವೇ ಹುಟ್ಟಿತು.

ಕೃತಿಯ ಎಲ್ಲ ಭಾಗವೂ ಹೀಗಿಲ್ಲ. ಮಾಲ್ದೀವು ಬಿಟ್ಟು ಕಲ್ಲಿಕೋಟೆಗೆ ಬಂದು, ಪೋರ್ಚುಗೀಸರ ಸೆರೆಯಾಳಾಗಿ ಗೋವೆ ಸೇರಿದ ಮೇಲೆ ಬರವಣಿಗೆ ವಿವರಗಳ ಭಾರದಿಂದ ಬಳಲುತ್ತದೆ. 1611ರಲ್ಲಿ ಸಣ್ಣದಾಗಿ ಬಂದ ಪುಸ್ತಕ 1619ರ ಹೊತ್ತಿಗೆ ಬೆಳೆದು ದೊಡ್ಡದಾಯಿತು. ಅದರಲ್ಲಿ ಪಂಡಿತರ ಕೈಯೂ ಆಡಿದೆಯೆಂಬ ಅಭಿಪ್ರಾಯವಿದೆ. ಹಸಿದವನ ಮಾತು ಯಾವುದು, ಪಂಡಿತರದು ಯಾವುದು ಎಂಬ ಅನುಮಾನ ಓದುವಾಗ ನನ್ನನ್ನು ಬಿಡಲಿಲ್ಲ.

ಇನ್ನೂ ದೊಡ್ಡ ಕೊರತೆ ಬೇರೆಯದು. ಐದು ವರ್ಷಗಳಲ್ಲಿ ಆ ನಲವತ್ತು ಮಂದಿ ನಾಲ್ವರಾದರು. ಅಂದರೆ ಅಲ್ಲಿ ಫ್ರೆಂಚ್ ನಾಲ್ವರ ಭಾಷೆಯಾಯಿತು. ದ್ವೀಪದವರ ಮಾತಿಗೆ ಪದಪಟ್ಟಿ ಕೊಟ್ಟ ಪಿರಾರ್ ಈ ಸಂಗತಿಗೆ ಒಂದು ಅಧ್ಯಾಯವನ್ನೂ ಕೊಟ್ಟಿಲ್ಲ. ಗಡಿನಾಡಿನ ಓದುಗ ಹುಡುಕುವುದು ಆ ಅಧ್ಯಾಯವನ್ನೇ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು, ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ನಾವು ಎಲ್ಲಿಗೂ ಹೋಗಲಿಲ್ಲ, ಹಡಗನ್ನೂ ಹತ್ತಲಿಲ್ಲ. ತೆಲುಗು ಕಲಿತೆವು. ಆ ಭಾಷೆ ನಮಗೆ ಅನ್ನವನ್ನೂ ಗೆಳೆಯರನ್ನೂ ಕೊಟ್ಟಿದೆ; ಅದನ್ನು ದೂರಿದರೆ ನಾಲಗೆ ಸುಟ್ಟೀತು. ಆದರೆ ಮೊನ್ನೆ ಹೊಳಗುಂದದ ಕಡೆಯ ಅಜ್ಜಿಯೊಬ್ಬಳು ಕೌಂಟರಿಗೆ ಬಂದು, “ತಮ್ಮಾ, ಈ ಚೀಟಿ ಒಂದೀಟು ಬರ್ದುಕೊಡಪ್ಪಾ” ಎಂದಳು. ಬರೆಯುತ್ತ ಊರು ಮನೆ ವಿಚಾರಿಸಿದೆ. ಆಕೆ ಕನ್ನಡದಲ್ಲೇ ಹೇಳಿ, ಅದನ್ನೇ ಪಕ್ಕದಲ್ಲಿದ್ದ ಮೊಮ್ಮಗನಿಗೆ ತೆಲುಗಿನಲ್ಲಿ ತಿಳಿಸಿದಳು. ಅವನು ತೆಲುಗಿನಲ್ಲಿ ರುಜು ಹಾಕಿದ. ಆಕೆ ಹೆಬ್ಬೆಟ್ಟೊತ್ತಿ, ಬೆರಳಿನ ಮಸಿಯನ್ನು ಕಂಬಕ್ಕೆ ಒರೆಸಿ, ಮತ್ತೆ ನನ್ನ ಕಡೆ ತಿರುಗಿ ಮಳೆಯ ಮಾತು ತೆಗೆದಳು.