ಹಾಡು ಬಿಟ್ಟುಬಿಟ್ಟ ಎರಡು ವಚನಗಳು

ನಮ್ಮ ಧರ್ಮಕೇಂದ್ರದ ವಾರ್ಷಿಕ ಹಬ್ಬದ ಸಂಜೆ, ಬಲಿಪೂಜೆ ಮುಗಿದು ಊಟಕ್ಕೆ ಕುಳಿತುಕೊಳ್ಳುವ ಮುನ್ನ, ಚಿಕ್ಕದೊಂದು ಮನರಂಜನಾ ಕಾರ್ಯಕ್ರಮ ನಡೆಯುವುದು ವಾಡಿಕೆ. ಕಳೆದ ಹಬ್ಬದಂದು ಯುವಕ ಯುವತಿಯರ ಹಾಡುಗಳು ಮುಗಿದ ಮೇಲೆ ಹಿರಿಯರ ಸಾಲಿನಿಂದ ಒಂದು ಕೋರಿಕೆ ಬಂದಿತು: “ನಮ್ಮ ಕಾಲದ್ದೊಂದು ಹಾಡು ಹಾಕಪ್ಪ.” ಧ್ವನಿವರ್ಧಕದ ಬಳಿ ಇದ್ದ ಹುಡುಗ ಮೊಬೈಲಿನಲ್ಲಿ ಹುಡುಕಿ, ಬೋನಿ ಎಂ ತಂಡದ ‘ರಿವರ್ಸ್ ಆಫ್ ಬ್ಯಾಬಿಲಾನ್’ ಹಾಕಿದ. ಆರಂಭದ ಆ ಗುನುಗು ಕಿವಿಗೆ ಬಿದ್ದದ್ದೇ ತಡ, ಅರವತ್ತರ ಆಸುಪಾಸಿನ ನಾವೆಲ್ಲ ಎದ್ದುನಿಂತೆವು. ಮಂಡಿನೋವಿನವರೂ ಹೆಜ್ಜೆ ಹಾಕಿದರು. ಹಾಡು ಮುಗಿದು ಬೆವರೊರೆಸಿಕೊಳ್ಳುತ್ತ ಕುಳಿತಾಗ ನನ್ನ ಮಗಳು ಕೇಳಿದಳು: “ಅಪ್ಪ, ಈ ಹಾಡಿನಲ್ಲಿ ಅವರು ನದಿಯ ದಡದಲ್ಲಿ ಕೂತು ಅಳ್ತಾ ಇದ್ದಾರಲ್ಲ, ನೀವೆಲ್ಲ ಯಾಕೆ ಕುಣೀತಿದ್ರಿ?”

ಆ ಪ್ರಶ್ನೆಗೆ ಆ ಹೊತ್ತಿನಲ್ಲಿ ನನ್ನ ಬಳಿ ಉತ್ತರವಿರಲಿಲ್ಲ. ಇದ್ದದ್ದು ನೆನಪು ಮಾತ್ರ. ೧೯೮೦ರ ಸುಮಾರಿಗೆ ನಾನು ಪ್ರೌಢಶಾಲೆಯ ಕೊನೆಯ ತರಗತಿಯಲ್ಲಿದ್ದೆ. ನಮ್ಮ ಗಾಯನವೃಂದದಲ್ಲಿ ಗಿಟಾರ್ ನುಡಿಸುತ್ತಿದ್ದ ಅಣ್ಣನೊಬ್ಬರಿದ್ದರು. ಕುವೈತಿನಲ್ಲಿದ್ದ ಅವರ ಮಾವ ಒಂದು ಟೇಪ್ ರೆಕಾರ್ಡರನ್ನೂ ನಾಲ್ಕಾರು ಕ್ಯಾಸೆಟ್ಟುಗಳನ್ನೂ ತಂದುಕೊಟ್ಟಿದ್ದರು. ಭಾನುವಾರದ ಪೂಜೆ ಮುಗಿದೊಡನೆ ನಾವು ಐದಾರು ಹುಡುಗರು ಅವರ ಮನೆಯ ಜಗಲಿಯಲ್ಲಿ ಸೇರುತ್ತಿದ್ದೆವು. ಇಂಗ್ಲಿಷ್ ಹಾಡಿನ ಮಾತುಗಳು ನಮಗೆ ಅರ್ಥವಾಗುತ್ತಿರಲಿಲ್ಲ. ಕಿವಿಗೆ ಬಿದ್ದುದನ್ನು ಕನ್ನಡ ಅಕ್ಷರಗಳಲ್ಲಿ ಒಂದು ನೋಟುಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದೆವು. ಒಂದು ಸಾಲಿಗಾಗಿ ಹತ್ತು ಸಲ ಹಿಂದಕ್ಕೆ ತಿರುಗಿಸಿ, ಸುರುಳಿ ಹೊರಬಂದರೆ ಪೆನ್ಸಿಲ್ ತೂರಿಸಿ ಸುತ್ತಿ, ಮತ್ತೆ ಕೇಳುತ್ತಿದ್ದೆವು. ನಾವು ಬರೆದುಕೊಂಡುದರಲ್ಲಿ ಅರ್ಧದಷ್ಟು ಯಾವ ಭಾಷೆಗೂ ಸೇರಿದ್ದಲ್ಲವೆಂದು ಈಗ ತೋರುತ್ತದೆ. ಆದರೂ ಹಾಡುವಾಗ ಯಾರಿಗೂ ಸಂಶಯವಿರಲಿಲ್ಲ.

ಈ ಹಾಡು ಹೊರಬಂದದ್ದು ೧೯೭೮ರಲ್ಲಿ. ಪಶ್ಚಿಮ ಜರ್ಮನಿಯ ನಿರ್ಮಾಪಕ ಫ್ರಾಂಕ್ ಫೇರಿಯನ್ ಕಟ್ಟಿದ ತಂಡ ಬೋನಿ ಎಂ. ವೇದಿಕೆಯ ಮೇಲೆ ಕಾಣಿಸಿಕೊಳ್ಳುತ್ತಿದ್ದ ನಾಲ್ವರೂ ಕೆರಿಬಿಯನ್ ದ್ವೀಪಗಳಲ್ಲಿ ಹುಟ್ಟಿದವರು. ಲಿಜ್ ಮಿಚೆಲ್ ಮತ್ತು ಮಾರ್ಸಿಯಾ ಬ್ಯಾರೆಟ್ ಜಮೈಕಾದವರು, ಮೇಜಿ ವಿಲಿಯಮ್ಸ್ ಮಾಂಟ್‌ಸೆರಾಟಿನವರು, ಬಾಬಿ ಫ್ಯಾರೆಲ್ ಅರೂಬಾದವರು. ಧ್ವನಿಮುದ್ರಿಕೆಗಳ ಮಾರಾಟವನ್ನು ಲೆಕ್ಕಹಾಕಿ ವಾರವಾರವೂ ಪ್ರಕಟಿಸುವ ಬ್ರಿಟನ್ನಿನ ಪಟ್ಟಿಯಲ್ಲಿ ಈ ಹಾಡು ಆ ವರ್ಷದ ಮೇ ತಿಂಗಳಲ್ಲಿ ಅಗ್ರಸ್ಥಾನಕ್ಕೇರಿ ಐದು ವಾರ ಅಲ್ಲಿಯೇ ನಿಂತಿತು. ಪಟ್ಟಿಯಲ್ಲಿ ಒಟ್ಟು ೪೦ ವಾರ ಉಳಿಯಿತು. ಬ್ರಿಟನ್ ಒಂದರಲ್ಲಿಯೇ ೨೦ ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು. ಅದೇ ವರ್ಷದ ಕ್ರಿಸ್ತಜಯಂತಿಯ ವೇಳೆಗೆ ಇದೇ ತಂಡದ ‘ಮೇರೀಸ್ ಬಾಯ್ ಚೈಲ್ಡ್’ ಕೂಡ ಅಗ್ರಸ್ಥಾನ ಪಡೆಯಿತು. ನಮ್ಮ ಎಷ್ಟೋ ಮನೆಗಳಲ್ಲಿ ಡಿಸೆಂಬರ್ ತಿಂಗಳೆಂದರೆ ಇಂದಿಗೂ ಆ ಧ್ವನಿಯೇ.

ಆದರೆ ಹಾಡು ಫೇರಿಯನ್ ಅವರದಲ್ಲ. ಜಮೈಕಾದ ‘ದಿ ಮೆಲೋಡಿಯನ್ಸ್’ ತಂಡದ ಬ್ರೆಂಟ್ ಡೋವ್ ಮತ್ತು ಟ್ರೆವರ್ ಮೆಕ್‌ನಾಟನ್ ಇದನ್ನು ರಚಿಸಿದರು. ಅವರ ತಂಡ ೧೯೭೦ರಲ್ಲಿ ಇದನ್ನು ಧ್ವನಿಮುದ್ರಿಸಿತು. ಜಮೈಕಾದ ಕಪ್ಪು ಜನರು ಗುಲಾಮಗಿರಿಯ ಹಡಗುಗಳಲ್ಲಿ ಆಫ್ರಿಕಾದಿಂದ ಹೊತ್ತು ತರಲ್ಪಟ್ಟವರ ಸಂತತಿ. ಅವರ ನಡುವೆ ೧೯೩೦ರ ದಶಕದಲ್ಲಿ ಹುಟ್ಟಿದ ರಸ್ತಾಫಾರಿ ಪಂಥಕ್ಕೆ ಬಾಬಿಲೋನಿಯ ಎಂದರೆ ಹಳೆಯ ಕಾಲದ ಒಂದು ನಗರವಲ್ಲ, ತಮ್ಮನ್ನು ಅದುಮಿಟ್ಟ ಇಡೀ ಅಧಿಕಾರವ್ಯವಸ್ಥೆ. ಸಿಯೋನ್ ಎಂದರೆ ಆಫ್ರಿಕಾ, ಅದರಲ್ಲೂ ಇಥಿಯೋಪಿಯ. ಆ ದೇಶದ ಚಕ್ರವರ್ತಿ ಹೈಲೆ ಸೆಲಾಸಿಯನ್ನು ಅವರು ದೈವಸ್ವರೂಪಿಯೆಂದು ನಂಬಿದ್ದರು. ಮೆಲೋಡಿಯನ್ಸ್ ಹಾಡಿನಲ್ಲಿ ಆ ರಾಜನನ್ನು ಸೂಚಿಸುವ ಮಾತುಗಳಿದ್ದವು. ಬೋನಿ ಎಂ ಅವುಗಳನ್ನು ತೆಗೆದು ಬೈಬಲ್ಲಿನ ಮಾತಿಗೆ ಸಮೀಪವಾದುದನ್ನು ಇಟ್ಟುಕೊಂಡಿತು. ಹೀಗೆ ಹಾಡು ಶ್ರೀಗ್ರಂಥಕ್ಕೆ ಇನ್ನಷ್ಟು ಹತ್ತಿರವಾಯಿತೆಂದು ಹೇಳಬಹುದು. ಅದೇ ಹೊತ್ತಿಗೆ, ಅದನ್ನು ಮೊದಲು ಹಾಡಿದ ಜನರ ಗಾಯದಿಂದ ಒಂದು ಹೆಜ್ಜೆ ದೂರವಾಯಿತೆಂಬುದೂ ನಿಜ.

ಇನ್ನು ಮೂಲವಾದ ೧೩೭ನೆಯ ಕೀರ್ತನೆ. ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಬಾಬಿಲೋನಿಯದ ಸೇನೆ ಜೆರುಸಲೇಮನ್ನು ಕೆಡವಿ, ದೇವಾಲಯವನ್ನು ಸುಟ್ಟು, ಜನರನ್ನು ಸೆರೆಯೊಯ್ದಿತು. ಆ ಸೆರೆಯ ನೆನಪಿನಲ್ಲಿ ಹುಟ್ಟಿದ ಈ ಕೀರ್ತನೆಗೆ ಒಂಬತ್ತೇ ವಚನಗಳು. ಸೆರೆಯಾಳುಗಳು ನದಿಯ ದಡದಲ್ಲಿ ಕುಳಿತು ಸಿಯೋನನ್ನು ನೆನೆದು ಅಳುತ್ತಾರೆ. ತಮ್ಮ ಕಿನ್ನರಿಗಳನ್ನು ಮರಗಳಿಗೆ ತೂಗುಹಾಕುತ್ತಾರೆ. ಸೆರೆಹಿಡಿದವರು ವಿನೋದಕ್ಕಾಗಿ ಒಂದು ಹಾಡು ಹೇಳಿರೆಂದು ಕೇಳುತ್ತಾರೆ. ಪರನಾಡಿನಲ್ಲಿ ಪ್ರಭುವಿನ ಗೀತೆಯನ್ನು ಹಾಡುವುದೆಂತು ಎಂದು ಇವರು ಕೊರಗುತ್ತಾರೆ. ಆಮೇಲೆ ಬರುವುದು ಐದು ಮತ್ತು ಆರನೆಯ ವಚನಗಳು. ಅಲ್ಲಿ ಕೀರ್ತನಕಾರ ತನ್ನ ಮೇಲೆಯೇ ಆಣೆಯಿಟ್ಟುಕೊಳ್ಳುತ್ತಾನೆ. ಜೆರುಸಲೇಮನ್ನು ತಾನು ಮರೆತರೆ ತನ್ನ ಬಲಗೈ ಶಕ್ತಿಗುಂದಲಿ, ನಾಲಿಗೆ ಸೇದಿಹೋಗಲಿ ಎನ್ನುತ್ತಾನೆ. ಬಲಗೈ ಕಿನ್ನರಿ ಮೀಟುವ ಕೈ, ನಾಲಿಗೆ ಹಾಡುವ ನಾಲಿಗೆ. ಸಂಗೀತಗಾರನೊಬ್ಬ ತನ್ನ ಸಂಗೀತವನ್ನೇ ಪಣವಾಗಿಟ್ಟು ಮಾಡಿದ ಪ್ರತಿಜ್ಞೆ ಇದು. ಕೊನೆಯ ಮೂರು ವಚನಗಳು ಶತ್ರುವಿನ ಕೂಸುಗಳ ಮೇಲೂ ಸೇಡು ಬಯಸುವ ಭೀಕರ ಮಾತುಗಳು.

ನಾವು ಕುಣಿದ ಹಾಡಿನಲ್ಲಿ ಈ ಕೀರ್ತನೆಯ ಒಂದು, ಮೂರು ಮತ್ತು ನಾಲ್ಕನೆಯ ವಚನಗಳ ಸಾರವಿದೆ. ಅದಕ್ಕೆ ೧೯ನೆಯ ಕೀರ್ತನೆಯ ಕೊನೆಯ ಪ್ರಾರ್ಥನೆಯನ್ನು ಜೋಡಿಸಲಾಗಿದೆ. ತೂಗುಹಾಕಿದ ಕಿನ್ನರಿ ಇಲ್ಲ, ಸೇಡಿಲ್ಲ, ಪ್ರತಿಜ್ಞೆಯೂ ಇಲ್ಲ. ಕಣ್ಣೀರಿದೆ, ನೆನಪಿದೆ, ಆದರೆ ಆ ನೆನಪು ನೆನೆಯುವವನಿಂದ ಏನನ್ನೂ ಕೇಳುವುದಿಲ್ಲ. ಮೆಲೋಡಿಯನ್ಸ್ ಹಾಡಿದಾಗಲೂ ಆ ಎರಡು ವಚನಗಳು ಇರಲಿಲ್ಲ, ನಿಜ. ಆದರೆ ಆಫ್ರಿಕಾವನ್ನು ಮರೆಯೆವೆಂಬ ಛಲದಲ್ಲಿಯೇ ಬದುಕುತ್ತಿದ್ದ ಜನರ ನಡುವೆ ಹುಟ್ಟಿದ ಹಾಡು ಅದು. ಪ್ರತಿಜ್ಞೆ ಬಾಳಿನಲ್ಲಿದ್ದುದರಿಂದ ಹಾಡಿನಲ್ಲಿ ಇರಬೇಕಾದ ಅಗತ್ಯವಿರಲಿಲ್ಲ. ಅದೇ ಹಾಡು ಯೂರೋಪಿನ ನೃತ್ಯಮಂದಿರಗಳನ್ನು ದಾಟಿ ನಮ್ಮ ಜಗಲಿಗೆ ಬರುವ ಹೊತ್ತಿಗೆ ಕಣ್ಣೀರು ಮಾತ್ರ ಉಳಿದಿತ್ತು, ಅದೂ ಕುಣಿಯಲು ಅನುಕೂಲವಾದ ತಾಳದಲ್ಲಿ.

ನಮ್ಮ ಪೂಜಾವಿಧಿ ಈ ಕೀರ್ತನೆಯನ್ನು ಬಳಸುವ ಬಗೆಯನ್ನು ಇದರೊಡನೆ ಹೋಲಿಸಿ ನೋಡಬಹುದು. ಮೂರು ವರ್ಷಗಳ ವಾಚನಕ್ರಮದ ಎರಡನೆಯ ವರ್ಷದಲ್ಲಿ, ತಪಸ್ಸುಕಾಲದ ನಾಲ್ಕನೆಯ ಭಾನುವಾರ ಇದನ್ನು ಹಾಡುತ್ತೇವೆ. ಈಚೆಗೆ ೨೦೨೪ರಲ್ಲಿ ಹಾಡಿದ್ದೆವು. ಧರ್ಮಸಭೆಯೂ ಕೊನೆಯ ಮೂರು ವಚನಗಳನ್ನು ಅಲ್ಲಿ ಬಿಟ್ಟಿದೆ. ಆದರೆ ಪ್ರತಿಜ್ಞೆಯನ್ನು ಬಿಟ್ಟಿಲ್ಲ. ಅಷ್ಟೇ ಅಲ್ಲ, ಸಭೆ ಮತ್ತೆ ಮತ್ತೆ ಹೇಳುವ ಪಲ್ಲವಿಯಾಗಿ ಆರಿಸಿಕೊಂಡಿರುವುದು ಆರನೆಯ ವಚನವನ್ನೇ, ಮರೆತರೆ ನಾಲಿಗೆ ನಿಂತುಹೋಗಲಿ ಎಂಬ ಮಾತನ್ನೇ. ಜನಪ್ರಿಯ ಹಾಡು ಯಾವುದನ್ನು ಕೈಬಿಟ್ಟಿತೋ ಅದನ್ನು ಆರಾಧನೆ ಜನರ ಬಾಯಲ್ಲಿ ಇಟ್ಟಿದೆ. ಆ ಭಾನುವಾರವೂ ನನ್ನ ಕಿವಿಯಲ್ಲಿ ಬೋನಿ ಎಂ ಧಾಟಿಯೇ ಗುನುಗುತ್ತಿತ್ತು. ಪಲ್ಲವಿಯನ್ನು ಬಾಯಿ ಹೇಳಿತೇ ಹೊರತು ಮನಸ್ಸು ಕೇಳಿಸಿಕೊಳ್ಳಲಿಲ್ಲ.

ಹರೆಯದ ಹಾಡುಗಳಿಗೆ ಈ ಹಿಡಿತ ಹೇಗೆ ಬರುತ್ತದೆ? ‘ನಾಸ್ಟಾಲ್ಜಿಯ’ ಎಂಬ ಪದ ಹುಟ್ಟಿದ್ದು ಕಾವ್ಯದಲ್ಲಲ್ಲ, ವೈದ್ಯಶಾಸ್ತ್ರದಲ್ಲಿ. ಸ್ವಿಟ್ಜರ್ಲೆಂಡಿನ ಯೊಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ ೧೬೮೮ರ ತನ್ನ ಪ್ರಬಂಧದಲ್ಲಿ, ಊರಿಗೆ ಮರಳುವಿಕೆ ಮತ್ತು ನೋವು ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಇದನ್ನು ಒಂದು ಕಾಯಿಲೆಯ ಹೆಸರಾಗಿ ಬಳಸಿದ. ಪರದೇಶಗಳಲ್ಲಿ ಕೂಲಿ ಸೈನಿಕರಾಗಿದ್ದ ಸ್ವಿಸ್ ಯುವಕರು ತಮ್ಮ ಬೆಟ್ಟಗಳ ದನಗಾಹಿಗಳ ರಾಗ ಕೇಳಿದರೆ ಕಣ್ಣೀರಿಟ್ಟು ಸೈನ್ಯವನ್ನೇ ತೊರೆದು ಹೋಗುತ್ತಿದ್ದರೆಂದು ತತ್ತ್ವಜ್ಞಾನಿ ರೂಸೋ ತನ್ನ ಸಂಗೀತ ನಿಘಂಟಿನಲ್ಲಿ ಬರೆದಿದ್ದಾನೆ. ನಮ್ಮ ಕಾಲಕ್ಕೆ ಹತ್ತಿರವಾಗಿ, ೧೯೮೯ರಲ್ಲಿ ಅಮೆರಿಕದ ಹೋಲ್‌ಬ್ರುಕ್ ಮತ್ತು ಶಿಂಡ್ಲರ್ ಎಂಬ ಸಂಶೋಧಕರು ಬೇರೆ ಬೇರೆ ವಯಸ್ಸಿನ ೧೦೮ ಮಂದಿಗೆ ಹಲವು ದಶಕಗಳ ಜನಪ್ರಿಯ ಹಾಡುಗಳನ್ನು ಕೇಳಿಸಿದರು. ತಾವು ಸುಮಾರು ಇಪ್ಪತ್ತನಾಲ್ಕರ ವಯಸ್ಸಿನಲ್ಲಿದ್ದಾಗ ಪ್ರಚಾರದಲ್ಲಿದ್ದ ಹಾಡುಗಳೇ ಜನರಿಗೆ ಹೆಚ್ಚು ಪ್ರಿಯವೆಂದು ಕಂಡುಬಂದಿತು. ಎಂದರೆ ‘ನಮ್ಮ ಕಾಲದ ಹಾಡೇ ಹಾಡು’ ಎಂಬ ತೀರ್ಪು ಬಹುಮಟ್ಟಿಗೆ ಹಾಡಿನ ಮೇಲಿನ ತೀರ್ಪಲ್ಲ, ನಮ್ಮ ಜನ್ಮದಿನಾಂಕ ನೀಡಿದ ತೀರ್ಪು.

ಇದನ್ನು ಒಪ್ಪಿಕೊಂಡರೆ ಮನೆಗಳಲ್ಲಿ ಒಂದಿಷ್ಟು ಜಗಳ ತಪ್ಪೀತು. ಇಂದಿನ ಮಕ್ಕಳ ಹಾಡುಗಳಲ್ಲಿ ಅರ್ಥವಿಲ್ಲ, ಗದ್ದಲ ಮಾತ್ರ ಎಂದು ನಾವು ದೂರುತ್ತೇವೆ. ಅರ್ಥವೇ ತಿಳಿಯದೆ ನೋಟುಪುಸ್ತಕ ತುಂಬಿಸಿದವರು ನಾವು! ಅಂದಿನದೆಲ್ಲ ಅಪ್ಪಟವೆಂಬ ಭ್ರಮೆಯೂ ಬೇಡ. ಬೋನಿ ಎಂ ತಂಡದ ಮುಖವಾಗಿದ್ದ, ನಾವೆಲ್ಲ ಅನುಕರಿಸುತ್ತಿದ್ದ ಬಾಬಿ ಫ್ಯಾರೆಲ್ ಧ್ವನಿಮುದ್ರಿಕೆಗಳಲ್ಲಿ ಹಾಡುತ್ತಿರಲಿಲ್ಲ. ಆ ಗಂಡುಧ್ವನಿ ಫೇರಿಯನ್ ಅವರದು, ಫ್ಯಾರೆಲ್ ತುಟಿಯಾಡಿಸಿ ಕುಣಿಯುತ್ತಿದ್ದರು. ಫ್ಯಾರೆಲ್ ೨೦೧೦ರ ಡಿಸೆಂಬರಿನಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ತೀರಿಕೊಂಡರು, ಅಲ್ಲಿಗೆ ಹೋಗಿದ್ದದ್ದೂ ಕಾರ್ಯಕ್ರಮ ನೀಡಲೆಂದೇ. ಫೇರಿಯನ್ ೨೦೨೪ರ ಜನವರಿಯಲ್ಲಿ ಗತಿಸಿದರು. ಇದನ್ನು ಅವರ ಮೇಲಿನ ಆಪಾದನೆಯಾಗಿ ಹೇಳುತ್ತಿಲ್ಲ. ಲಿಜ್ ಮಿಚೆಲ್ ಅವರ ಕಂಠ ಇಂದು ಕೇಳಿದರೂ ಮನಸ್ಸು ಮುಟ್ಟುತ್ತದೆ. ಶ್ರೀಗ್ರಂಥವನ್ನು ಎಂದೂ ತೆರೆಯದ ಲಕ್ಷಾಂತರ ಜನರ ಕಿವಿಗೆ ಕೀರ್ತನೆಯೊಂದನ್ನು ತಲಪಿಸಿದ ಪುಣ್ಯವೂ ಈ ಹಾಡಿಗೆ ಸಲ್ಲಬೇಕು. ಹಾಡಿನಲ್ಲಿ ದೋಷವಿದ್ದರೆ ಅದಕ್ಕಿಂತ ದೊಡ್ಡ ದೋಷ ಕೇಳುವ ನಮ್ಮಲ್ಲಿದೆ.

ಆ ದೋಷ ಯಾವುದೆಂದು ನನಗೆ ಹೊಳೆದದ್ದು ಹಬ್ಬದ ರಾತ್ರಿ ಮನೆಗೆ ಮರಳಿದ ಮೇಲೆ. ಮಗಳ ಪ್ರಶ್ನೆಗೆ ಉತ್ತರ ಹುಡುಕುತ್ತ ಕೀರ್ತನೆಯನ್ನು ಪೂರ್ತಿಯಾಗಿ ಓದಿದೆ. ಐದನೆಯ ವಚನಕ್ಕೆ ಬಂದಾಗ ಗಿಟಾರ್ ಅಣ್ಣನ ಮುಖ ಕಣ್ಣೆದುರು ಬಂದಿತು. ಅವರು ಇದೇ ಊರಿನಲ್ಲಿದ್ದಾರೆ. ದುಡಿಯುತ್ತಿದ್ದ ಕಾರ್ಖಾನೆ ನಿಂತ ಮೇಲೆ ಮೊದಲು ಗಾಯನವೃಂದಕ್ಕೆ, ಆಮೇಲೆ ಪೂಜೆಗೂ ಬರುವುದನ್ನು ಬಿಟ್ಟಿದ್ದರು. ಅವರ ಸ್ಥಳ ಬರಿದಾದುದನ್ನು ಯಾರೂ ಗಮನಿಸಲಿಲ್ಲ, ಅಥವಾ ಗಮನಿಸಿದವರು ವಿಚಾರಿಸಲಿಲ್ಲ. ಅವರ ಕ್ಯಾಸೆಟ್ಟಿನ ಹಾಡಿಗೆ ನಾವು ಕುಣಿದೆವು. ಅವರ ಜಗಲಿಯನ್ನು ನೆನೆದು ಕಣ್ಣು ತೇವಮಾಡಿಕೊಂಡೆವು. ಐದು ನಿಮಿಷದ ನಡಿಗೆಯಷ್ಟು ದೂರದಲ್ಲಿದ್ದ ಅವರನ್ನು ಹಬ್ಬದ ಊಟಕ್ಕೆ ಕರೆಯಲು ಒಬ್ಬನಿಗೂ ನೆನಪಾಗಲಿಲ್ಲ. ನಾನೂ ಅವರಲ್ಲೊಬ್ಬ.

ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಜಗಲಿ ಹಾಗೆಯೇ ಇತ್ತು. ಅಣ್ಣ ನನ್ನನ್ನು ಗುರುತಿಸಲು ಅರೆಗಳಿಗೆ ಬೇಕಾಯಿತು. ಬೋನಿ ಎಂ ಸುದ್ದಿ ಎತ್ತಿದರೆ ಅವರಿಗೆ ಅಷ್ಟೇನೂ ಉತ್ಸಾಹವಿರಲಿಲ್ಲ. “ಆ ಹಾಡು ಬರೆದುಕೊಂಡಿದ್ದ ಪುಸ್ತಕ ನೀನೇ ತಗೊಂಡು ಹೋಗಿದ್ದೆಯಲ್ಲೋ, ವಾಪಸು ಕೊಡಲೇ ಇಲ್ಲ” ಎಂದರು. ನಿಜವಾಗಿತ್ತು. ಅದನ್ನು ಎಂದೋ ಕಳೆದುಹಾಕಿದ್ದೆ. ಆಮೇಲೆ ಗಾಯನವೃಂದದಲ್ಲಿ ಈಗ ಗಿಟಾರ್ ಯಾರು ನುಡಿಸುತ್ತಾರೆಂದು ಮಗಳನ್ನು ಕೇಳಿದರು. ಯಾರೂ ಇಲ್ಲವೆಂದು ಅವಳು ಹೇಳಿದಳು. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಹೊರಡುವಾಗ “ತಂತಿ ಹೊಸದು ಹಾಕಬೇಕು, ನೋಡೋಣ” ಎಂದರು. ಅವರು ಬರುತ್ತಾರೋ ಇಲ್ಲವೋ ನಾನರಿಯೆ. ಹೋಗಿ ವಿಚಾರಿಸುವುದು ಮಾತ್ರ ಇನ್ನು ನನ್ನ ಪಾಲಿನ ಕೆಲಸ.

ಹಳಹಳಿಕೆ ತಪ್ಪಲ್ಲ. ದೇವರ ಜನರೂ ನದಿಯ ದಡದಲ್ಲಿ ಕುಳಿತು ಹಿಂದಿನದನ್ನು ನೆನೆದು ಅತ್ತಿದ್ದಾರೆ. ಆದರೆ ಅವರು ನಾಲ್ಕನೆಯ ವಚನಕ್ಕೇ ನಿಲ್ಲಲಿಲ್ಲ. ಪ್ರಿಯ ಓದುಗರೇ, ನಿಮ್ಮ ಹರೆಯದ ಹಾಡೊಂದು ಮುಂದಿನ ಸಲ ಎಲ್ಲಿಯಾದರೂ ಕೇಳಿಬಂದಾಗ ಸಂತೋಷದಿಂದ ಹಾಡಿ, ಬೇಕಾದರೆ ಕುಣಿಯಿರಿ, ಮಕ್ಕಳ ಹಾಡಿಗೂ ಸ್ವಲ್ಪ ಕಿವಿಗೊಡಿ. ಹಾಡು ಮುಗಿದ ಮೇಲೆ ಆ ದಿನಗಳಲ್ಲಿ ಪಕ್ಕದಲ್ಲಿ ಕುಳಿತು ಹಾಡುತ್ತಿದ್ದವರು ಯಾರೆಂದು ನೆನಪುಮಾಡಿಕೊಳ್ಳಿ, ಅವರಲ್ಲೊಬ್ಬರ ಮನೆಯ ಬಾಗಿಲು ತಟ್ಟಿ. ಮಗಳ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ನಾವು ಕುಣಿದದ್ದು ಕೀರ್ತನೆಯನ್ನು ಅರ್ಧಕ್ಕೇ ನಿಲ್ಲಿಸಿದ್ದರಿಂದ.