ಸಂಖ್ಯೆ ನಮ್ಮದು, ದಾರಿಯ ಹೊಣೆ ಯಾರದು?

ಚಿತ್ರದುರ್ಗಕ್ಕೆ 08194, ಹಿರಿಯೂರಿಗೆ 08193, ಹೊಸದುರ್ಗಕ್ಕೆ 08199, ಹೊಳಲ್ಕೆರೆಗೆ 08191. ನಮ್ಮ ಜಿಲ್ಲೆಯಲ್ಲಿ ಸ್ಥಿರ ದೂರವಾಣಿ ಬಳಸಿದವರಿಗೆ ಈ ಎಸ್‌ಟಿಡಿ ಸಂಕೇತಗಳು ಬಾಯಿಪಾಠ. ಇಲ್ಲಿ ಸಂಖ್ಯೆಯೇ ವಿಳಾಸ. 08199 ಒತ್ತಿದರೆ ಕರೆ ಹೊಸದುರ್ಗದ ವಿನಿಮಯ ಕೇಂದ್ರಕ್ಕೆ ಹೋಗಬೇಕೆಂದು ಯಾರನ್ನೂ ಕೇಳದೆ ತಿಳಿಯುತ್ತದೆ. ಮೊಬೈಲ್ ಸಂಖ್ಯೆಗಳೂ ಮೊದಲು ಹೀಗೆಯೇ ಇದ್ದವು. ಮೊದಲ ಕೆಲವು ಅಂಕಿಗಳನ್ನು ನೋಡಿದರೆ ಕಂಪನಿ ಯಾವುದು, ವಲಯ ಯಾವುದು ಎಂದು ಹೇಳಬಹುದಾಗಿತ್ತು.

ಈಗ ಹಾಗೆ ಹೇಳಲಾಗದು. ಸಂಖ್ಯೆಯನ್ನು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ 2010ರ ನವೆಂಬರ್ 25ರಂದು ಹರಿಯಾಣದಲ್ಲಿಯೂ 2011ರ ಜನವರಿ 20ರಂದು ದೇಶದಾದ್ಯಂತವೂ ಜಾರಿಗೆ ಬಂದಿತು. 2015ರ ಜುಲೈ 3ರಿಂದ ವಲಯವನ್ನೂ ದಾಟಬಹುದಾಯಿತು. ವಿಳಾಸವಾಗಿದ್ದ ಸಂಖ್ಯೆ ಬರಿಯ ಹೆಸರಾಯಿತು. ಹೆಸರು ಮಾತ್ರ ಗೊತ್ತಿದ್ದರೆ ಮನೆ ಹುಡುಕುವುದು ಹೇಗೆ? ಹುಡುಕುವಾಗ ತಪ್ಪಾದರೆ ಹೊಣೆ ಯಾರದು? ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2009ರ ಸೆಪ್ಟೆಂಬರ್ 23ರಂದು ಹೊರಡಿಸಿದ ನಿಯಮಾವಳಿ ಮೊದಲ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಟ್ಟಿದೆ. ಎರಡನೆಯದಕ್ಕೆ ಕೊಟ್ಟ ಉತ್ತರ ಅರ್ಧ ಮಾತ್ರ ಎಂಬುದು ನನ್ನ ಅಭಿಪ್ರಾಯ.

ಎರಡು ದಾರಿಗಳು

ಹೊಸದುರ್ಗದ ಉಪಾಧ್ಯಾಯರೊಬ್ಬರಿಗೆ ಹಿರಿಯೂರಿಗೆ ವರ್ಗವಾಯಿತು ಎನ್ನೋಣ. ಹೊಳಲ್ಕೆರೆಯಿಂದ ಅವರಿಗೊಂದು ಪತ್ರ ಬರೆಯಬೇಕು. ಪತ್ರ ಹಳೆಯ ವಿಳಾಸಕ್ಕೇ ಹೋಗಿ, ಹೊಸದುರ್ಗದ ಅಂಚೆಯವರು ವಿಳಾಸ ತಿದ್ದಿ ಹಿರಿಯೂರಿಗೆ ಕಳಿಸಬಹುದು. ಇಲ್ಲವೇ, ಹೊಳಲ್ಕೆರೆಯವರೇ ಮೊದಲು ಒಂದು ಪುಸ್ತಕ ನೋಡಿ ನೇರವಾಗಿ ಹಿರಿಯೂರಿಗೆ ಕಳಿಸಬಹುದು. ದೂರವಾಣಿಯಲ್ಲಿ ಮೊದಲನೆಯದು ಮರುರವಾನೆ ಕ್ರಮ, ಎರಡನೆಯದು ಆಲ್ ಕಾಲ್ ಕ್ವೆರಿ, ಅಂದರೆ ಪ್ರತಿ ಕರೆಗೂ ಮೊದಲು ವಿಚಾರಿಸುವ ಕ್ರಮ.

ಬ್ರಿಟನ್ ಮೊದಲನೆಯದನ್ನು ಹಿಡಿಯಿತು. ಅಲ್ಲಿ ಕರೆಯನ್ನು ಮುಂದಕ್ಕೆ ಸಾಗಿಸಿದ್ದಕ್ಕೆ ಹಳೆಯ ಕಂಪನಿ ಶುಲ್ಕ ಪಡೆಯುವ ಏರ್ಪಾಡು ಬಂತು. ಅಲ್ಲಿನ ನಿಯಂತ್ರಕ ಆಫ್‌ಕಾಮ್ 2007ರಲ್ಲಿ ನೇರ ಕ್ರಮಕ್ಕೆ ಬದಲಾಗುವಂತೆ ಆದೇಶಿಸಿತು. ವೊಡಾಫೋನ್ ಮೇಲ್ಮನವಿ ಸಲ್ಲಿಸಿತು, 2008ರಲ್ಲಿ ನ್ಯಾಯಮಂಡಳಿ ಆ ಆದೇಶವನ್ನು ರದ್ದುಪಡಿಸಿತು.

ಭಾರತ ಆರಂಭದಲ್ಲಿಯೇ ಎರಡನೆಯದನ್ನು ಆರಿಸಿತು. ದೇಶವನ್ನು ಎರಡು ವಿಭಾಗ ಮಾಡಿ ಪ್ರತಿಯೊಂದಕ್ಕೂ ಒಂದು ಮಧ್ಯವರ್ತಿ ಸಂಸ್ಥೆಯನ್ನು ನೇಮಿಸಲಾಯಿತು. ಕರ್ನಾಟಕ ಎರಡನೆಯ ವಿಭಾಗದಲ್ಲಿದೆ. ಸಂಖ್ಯೆಯೊಂದು ಕಂಪನಿ ಬದಲಿಸಿದಾಗ ಮಧ್ಯವರ್ತಿಯು ಎಲ್ಲ ಕಂಪನಿಗಳಿಗೂ ಅದನ್ನು ತಿಳಿಸುತ್ತದೆ, ಅವು ತಮ್ಮ ಪ್ರತಿಯನ್ನು ತಿದ್ದಿಕೊಳ್ಳುತ್ತವೆ. ಕರೆ ಹೊರಡುವ ಕಂಪನಿಯು ಆ ಪ್ರತಿಯನ್ನು ನೋಡಿ, ಲೊಕೇಶನ್ ರೌಟಿಂಗ್ ನಂಬರ್ ಎಂಬ ಸಂಕೇತವನ್ನು ಸಂಖ್ಯೆಯ ಮುಂದೆ ಸೇರಿಸಿ ಕಳಿಸುತ್ತದೆ.

ಸುತ್ತಿ ಬಂದರೆ ಕರೆ ತಡವಾಗುವುದಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೊಳಲ್ಕೆರೆಯ ಕರೆ ಬೆಂಗಳೂರಿಗೆ ಹೋಗಿ ಹಿರಿಯೂರಿಗೆ ಮರಳಲು 400 ಕಿ.ಮೀ. ಹೆಚ್ಚು ಸುತ್ತಿತೆಂದರೂ ತಗಲುವುದು 2 ಮಿಲಿಸೆಕೆಂಡ್. ಕಿವಿಗೆ ಅದು ತಿಳಿಯದು. ನಿಜವಾದ ತೊಂದರೆ ಬೇರೆ. ಮಾತು ಮುಗಿಯುವವರೆಗೂ ಕರೆಯು ಹಳೆಯ ಕಂಪನಿಯ ಒಳಬರುವ ಮಾರ್ಗವೊಂದನ್ನೂ ಹೊರಹೋಗುವ ಮಾರ್ಗವೊಂದನ್ನೂ ಹಿಡಿದಿಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಳೆಯ ಕಂಪನಿ ಮುಚ್ಚಿದರೆ ದಾರಿಯೂ ಮುಚ್ಚುತ್ತದೆ. 2018ರಲ್ಲಿ ಏರ್‌ಸೆಲ್ ದಿವಾಳಿಯಾಯಿತು. ಅದರಿಂದ ಬೇರೆಡೆಗೆ ಹೋದ ಗ್ರಾಹಕರಿಗೆ ಕರೆ ಬರಲು ಏರ್‌ಸೆಲ್ ಬದುಕಿರಬೇಕಾಗಿರಲಿಲ್ಲ. ನಮ್ಮ ಆಯ್ಕೆಯ ಶ್ರೇಷ್ಠತೆ ಇಲ್ಲಿದೆ.

ಒಪ್ಪಂದದ ಬಿರುಕು

ಇನ್ನು ಕೊರತೆ. ಕೆಲವು ವರ್ಷಗಳ ಹಿಂದೆ ನಾನೂ ಕಂಪನಿ ಬದಲಿಸಿದೆ. ಮೂರು ದಿನ ಒಂದು ಜಾಲದಿಂದ ಮಾತ್ರ ನನಗೆ ಕರೆಗಳು ಬರಲಿಲ್ಲ. ಹೊಸದುರ್ಗದ ನೆಂಟರಿಗೆ 'ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ' ಎಂಬ ಧ್ವನಿ ಕೇಳಿಸುತ್ತಿತ್ತು. ಹೊಸ ಕಂಪನಿಯವರು, 'ಕರೆ ನಮ್ಮವರೆಗೆ ಬಂದೇ ಇಲ್ಲ ಸಾರ್, ನಾವೇನು ಮಾಡೋಣ?' ಎಂದರು. ಅದು ನಿಜವೇ. ಹಳೆಯ ಕಂಪನಿಗೆ ನಾನು ಗ್ರಾಹಕನಲ್ಲ. ತಪ್ಪಿದ್ದುದು ನೆಂಟರ ಕಂಪನಿಯ ತಿದ್ದದ ಪ್ರತಿಯಲ್ಲಿ. ಅದರೊಡನೆ ನನಗೆ ಯಾವ ಒಪ್ಪಂದವೂ ಇಲ್ಲ.

ಇಲ್ಲಿ ಮೂರು ಒಪ್ಪಂದಗಳಿರುವುದನ್ನು ಗಮನಿಸಿ: ಕರೆ ಮಾಡುವವರಿಗೂ ಅವರ ಕಂಪನಿಗೂ, ಆ ಕಂಪನಿಗೂ ನನ್ನ ಕಂಪನಿಗೂ, ನನ್ನ ಕಂಪನಿಗೂ ನನಗೂ. ತಪ್ಪು ನಡೆಯುವುದು ಮೊದಲನೆಯದರಲ್ಲಿ, ನಷ್ಟ ತಟ್ಟುವುದು ಮೂರನೆಯದರಲ್ಲಿ. ಎರಡನ್ನೂ ಜೋಡಿಸಬೇಕಾದ ನಡುವಿನ ಒಪ್ಪಂದದಲ್ಲಿ ಗ್ರಾಹಕನಿಗೆ ಸ್ಥಾನವಿಲ್ಲ. 2018ರ ಜನವರಿ 1ರ ಅಂತರಸಂಪರ್ಕ ನಿಯಮಾವಳಿಯು ಕೋರಿಕೆ ಬಂದ 30 ದಿನಗಳೊಳಗೆ, ತಾರತಮ್ಯವಿಲ್ಲದೆ ಒಪ್ಪಂದವಾಗಬೇಕೆನ್ನುತ್ತದೆ. ಅದು ಕಂಪನಿ-ಕಂಪನಿಗಳ ನಡುವಿನ ನ್ಯಾಯ.

ಹಿಂದೆ ಹಣವಾದರೂ ಕಾವಲಿಗಿತ್ತು. ಮೊಬೈಲ್‌ನಿಂದ ಮೊಬೈಲ್‌ಗೆ ಬಂದ ಕರೆಗೆ ಸ್ವೀಕರಿಸುವ ಕಂಪನಿಗೆ ನಿಮಿಷಕ್ಕೆ 2009ರಲ್ಲಿ 20 ಪೈಸೆ, 2015ರಲ್ಲಿ 14, 2017ರ ಅಕ್ಟೋಬರ್‌ನಿಂದ 6 ಪೈಸೆ ಸಲ್ಲುತ್ತಿತ್ತು. ಕರೆ ತಪ್ಪಿದರೆ ಅದಕ್ಕೂ ನಷ್ಟ. 2021ರ ಜನವರಿ 1ರಿಂದ ಈ ಶುಲ್ಕ ಸೊನ್ನೆ. ಶುಲ್ಕ ಹೋದದ್ದು ಒಳ್ಳೆಯದೇ ಇರಬಹುದು, ಆದರೆ ಅದರೊಡನೆ ನನ್ನ ಪರವಾಗಿ ಜಗಳವಾಡಲು ನನ್ನ ಕಂಪನಿಗಿದ್ದ ಕಾರಣವೂ ಹೋಯಿತು.

ಇನ್ನೊಂದು ಅಂಶ. ತನ್ನದೇ ಪ್ರತಿ ಇಲ್ಲದ ಕಂಪನಿ ಮಧ್ಯವರ್ತಿಯನ್ನು ಕೇಳಿ ತಿಳಿದುಕೊಳ್ಳಬಹುದು. ಅದಕ್ಕೆ ಡಿಪ್ಪಿಂಗ್ ಶುಲ್ಕವಿದೆ. 2009ರ ನವೆಂಬರ್‌ನಲ್ಲಿ ಟ್ರಾಯ್ ಸಂಖ್ಯೆ ವರ್ಗಾವಣೆಯ ಶುಲ್ಕವನ್ನು 19 ರೂಪಾಯಿಗೆ ಮಿತಿಗೊಳಿಸಿತು, ಡಿಪ್ಪಿಂಗ್ ಶುಲ್ಕವನ್ನು ಮಾತ್ರ ಪರಸ್ಪರ ಮಾತುಕತೆಗೆ ಬಿಟ್ಟಿತು. ಗ್ರಾಹಕ ಕೊಡುವ ಹಣ ಬೆಳಕಿನಲ್ಲಿದೆ, ಕರೆ ಸರಿದಾರಿ ಹಿಡಿಯಲು ಕೊಡುವ ಹಣ ಕತ್ತಲಲ್ಲಿದೆ.

ಇಂಥ ತಪ್ಪುಗಳು ಅಪರೂಪ ಎಂದು ಕಂಪನಿಗಳು ಹೇಳಬಹುದು. ಅಪರೂಪವಾದರೆ ಹೊಣೆ ಹೊರುವುದೂ ಅಗ್ಗವಲ್ಲವೇ? ಕಂಪನಿಗಳ ಒಪ್ಪಂದದಲ್ಲಿ ಮೂರು ಮಾತು ಸೇರಿದರೆ ಸಾಕು. ಕರೆ ಬಾರದವನ ದೂರನ್ನು ಅವನ ಕಂಪನಿಯೇ ಪಡೆದು, ಕರೆ ಹೊರಟ ಕಂಪನಿಯಿಂದ ನಿಗದಿತ ದಿನದೊಳಗೆ ಉತ್ತರ ತರಬೇಕು. ದಾರಿ ಸಿಗದ ಕರೆಗೆ 'ಸಂಖ್ಯೆ ಅಸ್ತಿತ್ವದಲ್ಲಿಲ್ಲ' ಎಂಬ ಸುಳ್ಳು ಹೇಳಬಾರದು. ಹೀಗೆ ದಾರಿ ತಪ್ಪಿದ ಕರೆಗಳ ಎಣಿಕೆಯನ್ನು ಪ್ರಕಟಿಸಬೇಕು.

ಉಪಾಧ್ಯಾಯ ಮಿತ್ರರು ಇದನ್ನು ತರಗತಿಯಲ್ಲಿ ಆಡಿಸಬಹುದು. ನಾಲ್ವರು ಮಕ್ಕಳಿಗೆ ನಮ್ಮ ನಾಲ್ಕು ಊರುಗಳ ಹೆಸರಿಡಿ. ಪ್ರತಿಯೊಬ್ಬರಿಗೂ ಪಟ್ಟಿಯ ಒಂದೊಂದು ಪ್ರತಿ ಕೊಟ್ಟು, ಒಬ್ಬರ ಪ್ರತಿಯನ್ನು ಮಾತ್ರ ಹಳೆಯದಾಗಿಯೇ ಬಿಡಿ. ಚೀಟಿಗಳು ಓಡಾಡಲಿ. ತಪ್ಪು ಯಾರ ಕೈಯಲ್ಲಿದೆ, ತೊಂದರೆ ಯಾರಿಗಾಯಿತು, ಅದು ಗೊತ್ತಾದದ್ದು ಎಷ್ಟು ಹೊತ್ತಿಗೆ ಎಂದು ಆಮೇಲೆ ಕೇಳಿ. ಹಳೆಯ ಪ್ರತಿ ಹಿಡಿದ ಮಗು ಕೊನೆಯವರೆಗೂ ತಾನು ಸರಿಯೆಂದೇ ನಂಬಿರುತ್ತದೆ.