ಪೆಟ್ಟಿಗೆ ಮೇಷ್ಟ್ರಿಗೆ ಕಿವಿ ಇಲ್ಲ

2020ರಲ್ಲಿ ಕೊರೊನಾ ಬಂದು ಶಾಲೆಗಳಿಗೆ ಬೀಗ ಬಿತ್ತು. ಸರ್ಕಾರ ದೂರದರ್ಶನದ ಚಂದನದಲ್ಲಿ 'ಸಂವೇದ' ಪಾಠ ಶುರು ಮಾಡಿತು. ಆಮೇಲೆ ಅದು ಚಿಕ್ಕ ತರಗತಿಗಳಿಗೂ ಬಂತು. ಏನೂ ಇಲ್ಲದ್ದಕ್ಕಿಂತ ಇದು ವಾಸಿ ಅನ್ನೋ ಗೆಳೆಯರಿದ್ದಾರೆ. ಹತ್ತನೇ ತರಗತಿಯ ಗಣಿತಕ್ಕಾದರೆ ಒಪ್ಪೋಣ. ಆರು ವರ್ಷದ ಕೂಸಿಗೆ ಮಾತು ಕಲಿಸೋದಕ್ಕೆ ಒಪ್ಪಲಾಗದು.

ನಮ್ಮ ತಾವರೆಕೆರೆ ಕಡೆ ಕೇರಿಯ ಮಗು, ಗೊಲ್ಲರ ಹಟ್ಟಿಯ ಮಗು ಆಡೋದೂ ಕನ್ನಡವೇ. ಆದರೆ ಅದರ ಬಾಯಲ್ಲಿ 'ಹಾಲು' 'ಆಲು' ಆಗುತ್ತದೆ. ಒಳ್ಳೆ ಮೇಷ್ಟ್ರಾದರೆ 'ಆಲು' ಕೇಳಿಸಿಕೊಂಡು, ನಕ್ಕು, ತಾನು 'ಹಾಲು' ಅಂತ ಮಾತು ಮುಂದುವರಿಸುತ್ತಾನೆ. ಪಾವಗಡದಲ್ಲಿ ಎಷ್ಟೋ ಮನೆಗಳ ಮಾತು ತೆಲುಗು, ತಾಂಡಾದ್ದು ಲಂಬಾಣಿ. ಅಲ್ಲಿಯ ಮೇಷ್ಟ್ರು ಮಗುವಿನ ಮುಖವನ್ನಾದರೂ ನೋಡಬಲ್ಲ. ಪೆಟ್ಟಿಗೆ ಎಲ್ಲರಿಗೂ ಒಂದೇ ಶಿಷ್ಟ ಕನ್ನಡ ಸುರಿದು ಹೋಗುತ್ತದೆ.

ಪೆಟ್ಟಿಗೆ ಜಾತಿ ಕೇಳಲ್ಲ, ಹಿಂದಿನ ಸಾಲಲ್ಲಿ ಕೂರಿಸಲ್ಲ ಅಂತಾರೆ. ನಿಜ, ಅದು ಸಣ್ಣ ಮಾತೇನಲ್ಲ. ಆದರೆ ಮೇಲಿಂದ ಬೊಗಸೆಗೆ ನೀರು ಹೊಯ್ಯಿಸಿಕೊಂಡ ಜನಕ್ಕೆ ಮೇಲಿಂದ ಅಕ್ಷರ ಹೊಯ್ಯುವುದು ಎಂಥ ಸಮಾನತೆ ಸ್ವಾಮಿ?

ಈ ಆಟ ಹಳೆಯದು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ, ತುರ್ತುಪರಿಸ್ಥಿತಿಯ ನಡುವೆಯೇ, ಅಮೆರಿಕದ ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ 'ಸೈಟ್' ಹೆಸರಲ್ಲಿ ಟೀವಿ ಪಾಠ ಇಳಿಸಲು ಹೊರಟರು. ನಮ್ಮಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರದ ಹಳ್ಳಿಗಳು. ಬೆಳಿಗ್ಗೆ ಮಕ್ಕಳ ಸರದಿ. ಭಾಷೆಗಳು ನಾಲ್ಕು: ಹಿಂದಿ, ಒರಿಯಾ, ತೆಲುಗು, ಕನ್ನಡ. ಗುಲ್ಬರ್ಗಾ, ಬಿಜಾಪುರದ ಉದ್ದಕ್ಕೂ ತಾಂಡಾಗಳಿದ್ದವು. ಲಂಬಾಣಿಗೆ ಆಕಾಶದಲ್ಲೂ ಜಾಗ ಸಿಗಲಿಲ್ಲ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಕೊಡಬೇಕೆಂದು 1956ರಲ್ಲೇ ಸಂವಿಧಾನಕ್ಕೆ 350ಎ ವಿಧಿ ಸೇರಿತು. 2020ರ ಶಿಕ್ಷಣ ನೀತಿಯೂ ಮನೆಮಾತನ್ನು ಹೊಗಳಿ, 'ಸಾಧ್ಯವಾದಲ್ಲೆಲ್ಲ' ಅಂತ ಒಂದು ಬಾಲ ಅಂಟಿಸಿತು. ಆ ಬಾಲದಲ್ಲೇ ತಾಂಡಾ ಮಾಯವಾಗೋದು.

ನ್ಯೂಜಿಲೆಂಡಿನ ಮಾವೊರಿಗಳಿಗೆ ತಮ್ಮ ಭಾಷೆ ಸಾಯುತ್ತಿದೆ ಅಂತ ಅರಿವಾದಾಗ, 1982ರಲ್ಲಿ 'ಕೊಹಾಂಗಾ ರಿಯೊ' ತೆರೆದರು. ಭಾಷೆಯ ಗೂಡು ಅಂತ ಅರ್ಥ. ಅಲ್ಲಿ ಕೂಸುಗಳ ಪಕ್ಕ ಅಜ್ಜಿ ತಾತಂದಿರು ಕೂತರು.

ನಮ್ಮಲ್ಲೇನು ಬಡತನವೇ? ಸಿರಾ ಸೀಮೆಯಲ್ಲಿ ಜುಂಜಪ್ಪನ ಗುಡ್ಡೆ ಇದೆ. ಗಣೆ ಊದಿ ಜುಂಜಪ್ಪನ ಕತೆ ಹೇಳೋ ಕಾಡುಗೊಲ್ಲರಿದ್ದಾರೆ. ಅವರನ್ನು ಸಂಬಳ ಕೊಟ್ಟು ಅಂಗನವಾಡಿಗೆ ಕರೆಯಲಿ. ತಾಂಡಾದ ಶಾಲೆಗೆ ಲಂಬಾಣಿ ಆಡೋ ಹೆಣ್ಣುಮಗಳನ್ನೇ ನೇಮಿಸಲಿ. ಮೇಷ್ಟ್ರಾಗಿರೋ ನಮ್ಮ ಗೆಳೆಯರು ಮುಂದಿನ ಸಭೆಯಲ್ಲಿ ಈ ಎರಡು ಬೇಡಿಕೆ ಬರೆಸಿ.